ಪದಕ ಸಾಹೇಬರಿಗೆ, ಮೆಮೋ ಗುಮಾಸ್ತನಿಗೆ?

ಡಿಸೆಂಬರ್ 4, ನೌಕಾ ದಿನ. ಮುಂಬೈ ಲೋಕಲ್ಲಿನಲ್ಲಿ ದಿನಾ ಜೊತೆಗೆ ಬರುವ ಕನ್ನಡದ ಗೆಳೆಯರೊಬ್ಬರು ಈ ಸಲ ಒಂದು ಮಾತು ಎಸೆದರು. "ಕರಾಚಿ ಮೇಲೆ ಮಿಸೈಲ್ ಬಿಟ್ಟವರು ಯಾರೋ, ಹಿಂದಿನ ಹಡಗಿನಲ್ಲಿದ್ದ ಸಾಹೇಬರಿಗೆ ಮಹಾವೀರ ಚಕ್ರ. ಥೇಟ್ ನಿಮ್ಮ ಬ್ಯಾಂಕಿನ ಹಾಗೇ ಬಿಡಿ!"

ಅವರು ಹೇಳಿದ್ದು ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್ ಅವರ ಬಗ್ಗೆ. ನಮ್ಮ ಗಡಿನಾಡಿನ ಊರನ್ನು ಹೆಸರಲ್ಲೇ ಹೊತ್ತವರು. 2021ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಗೆಳೆಯರ ಮಾತಿಗೆ ನಕ್ಕು ಸುಮ್ಮನಾದೆ, ಆದರೆ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಬರಹ.

ಮೊದಲು ಲೆಕ್ಕ ನೋಡೋಣ, ಅದು ನನ್ನ ಕಸುಬು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಸಣ್ಣ ಮಿಸೈಲ್ ದೋಣಿಗಳು. ಸೋವಿಯತ್ ದೇಶದಿಂದ ತಂದ ಇವು ದಡ ಕಾಯಲೆಂದು ಕಟ್ಟಿದವು, ದೂರ ಹೋಗುವ ಶಕ್ತಿ ಕಡಿಮೆ. ಅಂಥವನ್ನು ಶತ್ರುವಿನ ಬಾಗಿಲಿಗೇ ಒಯ್ಯಲು ಕಿಲ್ತಾನ್, ಕಛಲ್ ಎಂಬ ಎರಡು ದೊಡ್ಡ ಹಡಗು ಜೊತೆಗೆ ಹೋದವು. ಕಿಲ್ತಾನ್‌ನಲ್ಲಿದ್ದು ಇಡೀ ತಂಡವನ್ನು ನಡೆಸಿದವರು ಗೋಪಾಲ ರಾವ್. ಪಾಕಿಸ್ತಾನದ ಖೈಬರ್, ಮುಹಾಫಿಜ್ ಮುಳುಗಿದವು, ಕಿಯಾಮಾರಿಯ ತೈಲ ಟ್ಯಾಂಕ್‌ಗಳ ಮೇಲೂ ದಾಳಿಯಾಯಿತು. ನಮ್ಮ ಒಂದು ಹಡಗೂ ಹೋಗಲಿಲ್ಲ.

ಮಿಸೈಲ್ ಬಿಟ್ಟವರನ್ನು ಮರೆತರೇ? ಇಲ್ಲ ಸ್ವಾಮಿ. ದೋಣಿಗಳ ದಳದ ಮುಖ್ಯಸ್ಥ ಬಬ್ರೂ ಭಾನ್ ಯಾದವ್ ಅವರಿಗೂ ಮಹಾವೀರ ಚಕ್ರ ಬಂತು. ಮೂರೂ ದೋಣಿಗಳ ನಾಯಕರಿಗೆ ವೀರ ಚಕ್ರ ಬಂತು. ಇನ್ನು ಪೂರ್ವದ ಕಡೆ ನೋಡಿ. ಖುಲ್ನಾ ಕಾರ್ಯಾಚರಣೆ ನಡೆಸಿದ ಕಮಾಂಡರ್ ಸಾಮಂತ್ ಅವರಿಗೆ ಸಿಕ್ಕಿದ್ದು ಮಹಾವೀರ ಚಕ್ರ, ಅದೇ ಕಾರ್ಯಾಚರಣೆಯಲ್ಲಿ ಗಾಯಗೊಂಡೂ ಹೋರಾಡಿದ ನಾವಿಕ ಚಿಮನ್ ಸಿಂಗ್‌ಗೆ ಸಿಕ್ಕಿದ್ದೂ ಅದೇ ಮಹಾವೀರ ಚಕ್ರ. ಸಾಹೇಬರಿಗೊಂದು, ಸಿಪಾಯಿಗೊಂದು ಅಂತ ಆ ಪದಕದಲ್ಲಿ ಭೇದವಿಲ್ಲ.

ಆದರೂ ಗೆಳೆಯರ ಕೊಂಕು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೂವತ್ತು ವರ್ಷ ನೋಡಿದ್ದೇನೆ. ಡಿಪಾಜಿಟ್ ಗುರಿ ಮುಟ್ಟಿದರೆ ಶೀಲ್ಡ್ ಹಿಡಿದು ಫೋಟೋಗೆ ನಿಲ್ಲುವವರು ಮೇಲಿನವರು. ಸಾಲ ಮುಳುಗಿದರೆ ಚಾರ್ಜ್‌ಶೀಟ್ ಹೋಗುವುದು ಕಾಗದ ತಯಾರಿಸಿದ ಕೆಳಗಿನವನಿಗೆ. ಒಮ್ಮೆ ನನ್ನ ಶಾಖೆಯಲ್ಲೂ ಹಾಗೇ ಆಯಿತು. "ಮಂಜೂರು ಮಾಡಿ" ಅಂತ ಫೋನಿನಲ್ಲಿ ಹೇಳಿದವರು ವಿಚಾರಣೆ ಹೊತ್ತಿಗೆ ಬಡ್ತಿ ಪಡೆದು ಬೇರೆ ಊರಲ್ಲಿದ್ದರು. ಕೆಳಗೆ ಸಹಿ ಹಾಕಿದ್ದ ಹುಡುಗ ಎರಡು ಇನ್‌ಕ್ರಿಮೆಂಟ್ ಕಳೆದುಕೊಂಡ. ನಾನೂ ಆಗ ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಇದೆ.

ಇಂಥದ್ದನ್ನೇ ನಾಯಕತ್ವ ಅಂದುಕೊಂಡು ಬದುಕಿದ ನಮಗೆ ಎಲ್ಲ ಪದಕವೂ ಹಾಗೇ ಕಾಣುತ್ತದೆ.

ಕರಾಚಿ ದಾಳಿಯ ಐದೇ ದಿನಕ್ಕೆ, ಡಿಸೆಂಬರ್ 9ರ ರಾತ್ರಿ, ದಿಯು ಬಳಿಯ ಸಮುದ್ರದಲ್ಲಿ ಪಾಕ್ ಜಲಾಂತರ್ಗಾಮಿ ಹಂಗೋರ್ ನಮ್ಮ ಖುಕ್ರಿಯನ್ನು ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಆದಷ್ಟು ಜನರನ್ನು ಹೊರಗೆ ಕಳಿಸಿ, ತಾವು ಹಡಗಿನ ಜೊತೆಗೇ ಉಳಿದರು. ಅವರಿಗೂ ಮಹಾವೀರ ಚಕ್ರ, ಮರಣೋತ್ತರ.

ಇದೂ ಅದೇ ಪದಕ ಅನ್ನುವುದನ್ನು ಗಮನಿಸಿ. ಗೋಪಾಲ ರಾವ್ ತಂಡ ಗೆದ್ದು ಬಂತು, ಮುಲ್ಲಾ ಅವರ ಹಡಗು ಮುಳುಗಿತು. ಕರಾಚಿಯಲ್ಲಿ ಎಣಿಕೆ ತಪ್ಪಿದ್ದರೆ ಐದು ಹಡಗುಗಳ ಜೀವಗಳಿಗೆ ಲೆಕ್ಕ ಕೊಡಬೇಕಾದವರೂ ಗೋಪಾಲ ರಾವ್ ಅವರೇ. ಲಾಭ ನಷ್ಟ ಎರಡೂ ಒಂದೇ ಖಾತೆಗೆ ಬೀಳುವಾಗ ಸಿಗುವ ಗೌರವ ಅದು. ನಮ್ಮ ಆಫೀಸುಗಳಲ್ಲಿ ಲಾಭ ಮೇಲಕ್ಕೆ ಹೋಗುತ್ತದೆ, ನಷ್ಟ ಕೆಳಕ್ಕೆ ಜಾರುತ್ತದೆ. ಕೆಟ್ಟಿರುವುದು ಇಲ್ಲಿ. ಈ ಸಿಟ್ಟನ್ನು ಆ ಪದಕದ ಮೇಲೆ ಯಾಕೆ ತೀರಿಸಬೇಕು?

ನಾಳೆ ರೈಲಿನಲ್ಲಿ ಗೆಳೆಯರಿಗೆ ಇಷ್ಟೇ ಹೇಳುತ್ತೇನೆ: ಗೋಪಾಲ ರಾವ್ ಅವರನ್ನು ನಮ್ಮ ಸಾಹೇಬರ ಸಾಲಿಗೆ ಸೇರಿಸಬೇಡಿ. ನಮ್ಮ ಸಾಹೇಬರನ್ನು ಅವರ ಪಕ್ಕ ನಿಲ್ಲಿಸಿ ಅಳೆಯಿರಿ. ನನ್ನಿಂದಲೇ ಶುರು ಮಾಡಿ, ಬೇಜಾರಿಲ್ಲ.

ನೀವೇನಂತೀರಿ?