ಬಿಡದ ಜ್ವರಕ್ಕೆ ಸಂಕೋಚ ಬೇಡ

ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ರಾಮಕುಂಜ, ಕಡಬದ ಕಡೆ ಜ್ವರ ಬಂದರೆ ನಾವು ಡೆಂಗಿ ಇರಬಹುದು, ಇಲಿಜ್ವರ ಇರಬಹುದು ಎಂದು ಹೆದರುತ್ತೇವೆ. ಕರಾವಳಿಯಲ್ಲಿ ಕಂಡುಬರುವ ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರದ ಹೆಸರು ಮಾತ್ರ ನಮ್ಮ ಮನೆಗಳಲ್ಲಿ ಕೇಳಿಬರುವುದಿಲ್ಲ.

ತೆಂಗಿನಕಾಯಿಗೆ ಹತ್ತುವ ನುಸಿ ನಿಮಗೆ ಗೊತ್ತು. ಬೇರೆ ಬಗೆಯ ಇನ್ನೊಂದು ನುಸಿಯ ಮರಿಗಳು ಇಲಿ, ಹೆಗ್ಗಣಗಳ ಕಿವಿಯಲ್ಲಿ ಗುಂಪಾಗಿ ಅಂಟಿಕೊಂಡು ಬದುಕುತ್ತವೆ. ಇಲಿ ಓಡಾಡುವ ಹುಲ್ಲಿನಿಂದ ಅವು ನಮ್ಮ ಮೈಗೂ ಹತ್ತುತ್ತವೆ. ಕಣ್ಣಿಗೆ ಕಾಣುವುದೇ ಕಷ್ಟ, ಕಚ್ಚಿದ್ದೂ ತಿಳಿಯುವುದಿಲ್ಲ. ಸುಮಾರು ಹತ್ತು ದಿನಗಳ ನಂತರ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ಪೆಟ್ಟು ಬಿದ್ದು ಜೀವಕ್ಕೇ ಅಪಾಯವಾಗಬಹುದು.

ಈ ಜ್ವರಕ್ಕೆ ಒಂದು ಗುರುತಿದೆ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟುತ್ತದೆ. ನೋವಿಲ್ಲ, ತುರಿಕೆಯೂ ಇಲ್ಲ. ಎಲ್ಲರಲ್ಲೂ ಕಾಣದಿದ್ದರೂ, ಕಂಡರೆ ರೋಗ ಬೇಗ ಪತ್ತೆಯಾಗುತ್ತದೆ. ಆದರೆ ಅದು ಹೆಚ್ಚಾಗಿ ಇರುವುದು ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದ ಬಳಿ. ನಮ್ಮ ತಾಯಂದಿರು, ಸಹೋದರಿಯರು ವೈದ್ಯರಿಗೆ ತೋರಿಸಲು ನಾಚುವ ಜಾಗಗಳೇ ಇವು.

ಹಯಾ ಒಳ್ಳೆಯ ಗುಣ. ಆದರೆ ಜೀವ ಉಳಿಸುವ ಗುರುತನ್ನು ಮುಚ್ಚಿಡುವುದು ಹಯಾ ಅಲ್ಲ. ಜ್ವರ ಬಂದವರ ಮೈಯನ್ನು ಮೊದಲು ಮನೆಯಲ್ಲೇ ನೋಡಿ: ತಾಯಿ ಮಗಳದ್ದು, ಗಂಡ ಹೆಂಡತಿಯದ್ದು. ಕಲೆ ಕಂಡರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಲೇಡಿ ಡಾಕ್ಟರ್ ಬೇಕೆಂದು ಕೇಳಿದರೂ ತಪ್ಪಿಲ್ಲ. ತೋಟದ ಕೆಲಸ ಮಾಡಿದ್ದರೆ ಅದನ್ನೂ ತಿಳಿಸಿ.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಈ ಜ್ವರಕ್ಕೆ ಜೋಶಾಂದ, ಕಷಾಯ ಕುಡಿದು ದಿನ ಕಳೆಯಬೇಡಿ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಬೇಗ ಸಿಕ್ಕರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ಗರ್ಭಿಣಿಯರಿಗೆ ಬೇರೆ ಔಷಧಿಯಿದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ. ಪೆನಿಸಿಲಿನ್ ಜಾತಿಯ ಮಾತ್ರೆಗಳು ಇದಕ್ಕೆ ನಾಟುವುದಿಲ್ಲ, ಆದ್ದರಿಂದ ಅಂಗಡಿಯಿಂದ ಕೇಳಿ ತಂದು ನುಂಗಬೇಡಿ.

ಇದಕ್ಕೆ ಲಸಿಕೆ ಇಲ್ಲ. ಮನೆ ಸುತ್ತಲಿನ ಹುಲ್ಲು ಕತ್ತರಿಸಿ, ಕಟ್ಟಿಗೆ ರಾಶಿಯಲ್ಲಿ ಇಲಿ ಸೇರದಂತೆ ನೋಡಿಕೊಳ್ಳಿ. ಬಟ್ಟೆಯನ್ನು ಹುಲ್ಲಿನ ಮೇಲೆ, ಪೊದೆಯ ಮೇಲೆ ಒಣಹಾಕಬೇಡಿ. ಅಡಿಕೆ ಹೆಕ್ಕಲು ಹೋಗುವಾಗ ಮೈ ತುಂಬ ಬಟ್ಟೆ ಇರಲಿ. ಬಂದ ಕೂಡಲೇ ಸಾಬೂನು ಹಚ್ಚಿ ಉಜ್ಜಿ ಸ್ನಾನ ಮಾಡಿ, ಆ ಬಟ್ಟೆಯನ್ನು ಒಗೆಯಲು ಹಾಕಿ.