ಕೆಳದನಿಯ ವಾದ್ಯವನ್ನು ಆರಿಸುವಾಗ

ಮನೆಗೆ ಒಂದು ಸೀರೆ ಕೊಳ್ಳಬೇಕಾದರೆ ನಾವು ನಾಲ್ಕು ಅಂಗಡಿ ತಿರುಗುತ್ತೇವೆ. ಸೆರಗನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತೇವೆ. ಎತ್ತು ಕೊಳ್ಳುವ ರೈತನಂತೂ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಹಗ್ಗಕ್ಕೆ ಕೈ ಹಾಕುತ್ತಾನೆ. ಆದರೆ ಮಕ್ಕಳಿಗೆ ಸಂಗೀತ ವಾದ್ಯ ಕೊಡಿಸುವ ಪ್ರಸಂಗ ಬಂದಾಗ ಮಾತ್ರ ಎಷ್ಟೋ ತಂದೆತಾಯಿಗಳು ಚಿತ್ರ ನೋಡಿ, ಬೆಲೆ ನೋಡಿ ತರಿಸಿಬಿಡುತ್ತಾರೆ. ವಾದ್ಯ ಮನೆಗೆ ಬಂದ ಮೇಲೆ ಅದು ಮಗುವಿನ ಹೆಗಲಿಗೆ ಭಾರ, ಬೆರಳಿಗೆ ದೂರ ಎಂಬುದು ತಿಳಿಯುತ್ತದೆ. ಆರು ತಿಂಗಳಲ್ಲಿ ಅದು ಕಪಾಟಿನ ಮೇಲೇರುತ್ತದೆ; ಮಗುವಿಗೆ ಆಸಕ್ತಿಯಿಲ್ಲವೆಂಬ ತೀರ್ಪು ಹೊರಬೀಳುತ್ತದೆ. ಆದುದರಿಂದ ಈ ತಿಂಗಳ ಮಾತು ವಾದ್ಯದ ಅಂಗಡಿಗಳನ್ನು ಕುರಿತದ್ದು. ಅದರಲ್ಲಿಯೂ ನಮ್ಮ ಮನೆಗಳಿಗೆ ತೀರ ಹೊಸದಾದ ಬೇಸ್ ಗಿಟಾರನ್ನು ಕುರಿತದ್ದು.

ಧಾರವಾಡದ ಕಡೆಯಿಂದ ಹೋಗಿ ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರ ಮಗಳಿಗೆ ಈಗ 16 ವರ್ಷ. ಕಾಲೇಜಿನ ಗೆಳತಿಯರ ವಾದ್ಯವೃಂದದಲ್ಲಿ ಗಿಟಾರ್ ಹಿಡಿಯಲು ಮೂವರು ಮುಂದೆ ಬಂದರು, ಬೇಸ್ ಹಿಡಿಯಲು ಯಾರೂ ಬರಲಿಲ್ಲ. ಈಕೆ ಹಿಡಿದಳು, ಹಿಡಿದವಳು ಬಿಡಲೊಲ್ಲಳು. ಒಂದು ವರ್ಷ ಎರವಲು ವಾದ್ಯದಲ್ಲಿಯೇ ಕಲಿತಳು. ಅದರ ಒಡತಿ ಊರು ಬಿಟ್ಟು ಹೋಗುವ ಹೊತ್ತಿಗೆ ಮನೆಯಲ್ಲಿ ಪ್ರಶ್ನೆ ಎದ್ದಿತು. "ನುಡಿಸುವುದಾದರೆ ಗಿಟಾರ್ ನುಡಿಸಲಿ, ಕೀಬೋರ್ಡ್ ನುಡಿಸಲಿ. ಕಿವಿಗೆ ಕೇಳಿಸದ ವಾದ್ಯಕ್ಕೆ ಇಪ್ಪತ್ತು ಸಾವಿರ ಏತಕ್ಕೆ?" ಎಂಬುದು ತಂದೆಯ ವಾದ. ಅವರು ಜಿಪುಣರಲ್ಲ. ಮಗಳು ನುಡಿಸಿದ ಹಾಡನ್ನು ಮೊಬೈಲಿನಲ್ಲಿ ಹತ್ತಾರು ಸಲ ಕೇಳಿದ್ದರು. ಮಗಳ ಪಾಲು ಅದರಲ್ಲಿ ಎಲ್ಲಿದೆಯೆಂದು ಅವರಿಗೆ ಹೊಳೆದಿರಲಿಲ್ಲ.

ಅದಕ್ಕೆ ಕಾರಣವುಂಟು. ಬೇಸ್ ಗಿಟಾರಿನ ನಾಲ್ಕು ತಂತಿಗಳು ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳಿಗೇ, ಆದರೆ ಒಂದು ಸ್ಥಾಯಿ ಕೆಳಗೆ, ಶ್ರುತಿಗೊಂಡಿರುತ್ತವೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸಿನ ದಪ್ಪ ತಂತಿ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಇಷ್ಟು ಕೆಳಗಿನ ದನಿಯನ್ನು ಮೊಬೈಲಿನ ಪುಟ್ಟ ಧ್ವನಿವರ್ಧಕ ಹೊರಡಿಸಲಾರದು. ಹೀಗಾಗಿ, ಮಿಕ್ಕ ವಾದ್ಯಗಳನ್ನು ತಕ್ಕಮಟ್ಟಿಗಾದರೂ ತೆರೆಯ ಮೇಲೆ ನೋಡಿ ಆರಿಸಬಹುದೇನೋ. ಬೇಸನ್ನು ಮಾತ್ರ ಎದುರಿಗೆ ನಿಂತು ಕೇಳದೆ, ಕೈಯಲ್ಲಿ ಹಿಡಿಯದೆ ಆರಿಸುವಂತಿಲ್ಲ.

ಮಿರಜದಿಂದ ತಂದ ತಂಬೂರಿ ಇರುವ ಮನೆಯವರಿಗೆ ಈ ವಾದ್ಯದ ಕೆಲಸವನ್ನು ವಿವರಿಸುವುದು ಕಷ್ಟವಲ್ಲ. ತಂಬೂರಿಯ ಕೊನೆಯ ತಂತಿ ಖರ್ಜ. ಅದನ್ನು ಯಾರೂ ಪ್ರತ್ಯೇಕವಾಗಿ ಆಲಿಸುವುದಿಲ್ಲ. ಅದು ನಿಂತೊಡನೆ ಹಾಡುವವರ ಕಾಲಡಿಯ ನೆಲವೇ ಸರಿದಂತಾಗುತ್ತದೆ. ಭೇದವಿಷ್ಟೆ: ಖರ್ಜ ಒಂದೇ ಸ್ವರದಲ್ಲಿ ನೆಲೆಸಿರುತ್ತದೆ, ಬೇಸ್ ಹಾಡಿನೊಡನೆ ನಡೆಯುತ್ತದೆ. ಸ್ವರಮೇಳ ಬದಲಾದಂತೆ ಅದರ ಮೂಲಸ್ವರವನ್ನು ಹಿಡಿದು ಕೊಡುವುದು, ತಾಳವಾದ್ಯದೊಡನೆ ಹೆಜ್ಜೆ ಕೂಡಿಸುವುದು, ಇವೆರಡೂ ಅದರ ಹೊಣೆ.

ಈ ವಾದ್ಯಕ್ಕೆ ವಯಸ್ಸು ಹೆಚ್ಚಲ್ಲ. ಹಿಂದೆ ಕೆಳದನಿಯ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಸಾಗಿಸುವುದು ಪ್ರಯಾಸ. ಡೋಲು, ಕಹಳೆಗಳ ನಡುವೆ ಅದರ ದನಿ ಅಡಗಿಹೋಗುತ್ತಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್ಮಾರ್ಕ್ ಎಂಬುವರು 1930ರ ದಶಕದಲ್ಲಿಯೇ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸೊಂದನ್ನು ಮಾಡಿದ್ದರೂ ಅದು ಹರಡಲಿಲ್ಲ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಹೊರತಂದ 'ಪ್ರಿಸಿಷನ್ ಬೇಸ್' ಲೋಕಪ್ರಿಯವಾಯಿತು. ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಎಂಬುದೇ ಆ ಹೆಸರಿನ ಅರ್ಥ. 1960ರಲ್ಲಿ ಅದೇ ಸಂಸ್ಥೆಯಿಂದ ಕತ್ತು ಕಿರಿದಾದ 'ಜಾಝ್ ಬೇಸ್' ಬಂದಿತು. ಇಂದು ಅಂಗಡಿಗಳಲ್ಲಿ ತೂಗುವ ಬೇಸ್‌ಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು, ಮೊಮ್ಮಕ್ಕಳು.

ಒಂದು ಶನಿವಾರ ತಂದೆ, ಮಗಳು ಮತ್ತು ಅವರ ಮನೆಗೆ ಅತಿಥಿಯಾಗಿ ಹೋಗಿದ್ದ ನಾನು ಮರೀನ್ ಲೈನ್ಸ್ ನಿಲ್ದಾಣದಲ್ಲಿ ಇಳಿದು ಧೋಬಿ ತಲಾವ್‌ಗೆ ನಡೆದೆವು. ಅಗಸರು ಬಟ್ಟೆ ಒಗೆಯುತ್ತಿದ್ದ ಕೆರೆ ಮುಚ್ಚಿಹೋಗಿ ಹೆಸರು ಮಾತ್ರ ಉಳಿದಿರುವ ಬಡಾವಣೆ ಅದು. ಗೋವೆಯ ಹಳ್ಳಿಗಳಿಂದ ದುಡಿಮೆಗೆ ಬಂದವರು ತಮ್ಮ ತಮ್ಮ ಊರಿನ ಹೆಸರಿನಲ್ಲಿ ಕಟ್ಟಿಕೊಂಡ ವಸತಿಗೃಹಗಳು ಇಲ್ಲಿ ಹಲವಾರು. ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿತು ಬಂದ ಗೋವೆಯ ವಾದ್ಯಗಾರರಿಲ್ಲದೆ ಹಿಂದಿ ಚಿತ್ರಸಂಗೀತದ ದೊಡ್ಡ ವಾದ್ಯವೃಂದಗಳು ನಡೆಯುತ್ತಿರಲಿಲ್ಲ. ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಮೊದಲಾದವರ ಹೆಸರು ಬಲ್ಲವರಿಗೆ ಗೊತ್ತು. ಆರ್. ಡಿ. ಬರ್ಮನ್ ಅವರ ಹಾಡುಗಳಲ್ಲಿ ಟೋನಿ ವಾಜ್ ನುಡಿಸಿದ ಬೇಸ್ ಗಿಟಾರನ್ನು, ಹೆಸರು ತಿಳಿಯದೆಯೇ, ನಾವೆಲ್ಲರೂ ಕೇಳಿದ್ದೇವೆ. 1865ರಲ್ಲಿ ಆರಂಭವಾದ ಫರ್ಟಾಡೋಸ್ ಸಂಸ್ಥೆ ಬೆಳೆದದ್ದು ಈ ಪರಿಸರದಲ್ಲಿಯೇ.

ನಾವು ಆ ದಿನ ಹೊಕ್ಕ ಅಂಗಡಿಗಳೆಲ್ಲ ಒಂದೇ ತೆರನಾಗಿರಲಿಲ್ಲ. ಒಂದು ಕಡೆ ಮಾರಾಟಗಾರನು ಹುಡುಗಿಯ ಕಡೆ ತಿರುಗಿಯೂ ನೋಡದೆ ತಂದೆಯೊಡನೆಯೇ ಮಾತನಾಡಿದನು. ಬೇಸ್ ತೆಗೆದುಕೊಡಿ ಎಂದಾಗ, "ಹುಡುಗಿಯರಿಗೆ ಅದು ಭಾರ, ಯುಕುಲೆಲೆ ನೋಡಿ" ಎಂದನು. ಲಾಸ್ ಏಂಜಲೀಸಿನ ಕ್ಯಾರೊಲ್ ಕೇ ಎಂಬ ಮಹಿಳೆ 1960ರ ದಶಕದಲ್ಲಿ ಅಸಂಖ್ಯ ಧ್ವನಿಮುದ್ರಣಗಳಿಗೆ ಬೇಸ್ ನುಡಿಸಿದ್ದಾರೆ. 1996ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ಮೋಹಿನಿ ಡೇ, ಬೇಸ್ ವಾದಕರಾದ ತಂದೆಯ ಬಳಿ ಕಲಿತು ಎ. ಆರ್. ರೆಹಮಾನ್ ಅವರ ವೃಂದದಲ್ಲಿ ನುಡಿಸಿದ್ದಾರೆ. ಆ ಮಾರಾಟಗಾರನಿಗೆ ಇದನ್ನೆಲ್ಲ ಹೇಳುವ ಗೋಜಿಗೆ ನಾವು ಹೋಗಲಿಲ್ಲ. ನಮಸ್ಕರಿಸಿ ಹೊರಬಂದೆವು.

ಮುಂದಿನ ಅಂಗಡಿಯ ಹಿರಿಯ ಸಹಾಯಕರು ಹುಡುಗಿಗೆ ಒಂದು ಸ್ಟೂಲು ಕೊಟ್ಟು, "ಎಷ್ಟು ಬೇಕಾದರೂ ನೋಡಮ್ಮ, ಬೆರಳಿನ ಉಂಗುರ ಮಾತ್ರ ತೆಗೆದಿಡು" ಎಂದರು. ಅಲ್ಲಿ ನಾಲ್ಕು ವಾದ್ಯಗಳು ಕೈಗೆ ಬಂದವು. ಮೊದಲನೆಯದು ಐದು ತಂತಿಯ, ಥಳಥಳಿಸುವ ಕೆಂಪು ಬಣ್ಣದ್ದು. ತಂದೆಗೆ ಅದೇ ಮೆಚ್ಚಿಕೆಯಾಯಿತು. ಅದೇ ಹಣಕ್ಕೆ ಒಂದು ತಂತಿ ಹೆಚ್ಚಲ್ಲವೇ! ಆದರೆ ಪಟ್ಟಿ ಹಾಕಿಕೊಂಡು ನಿಂತು ಕೈಬಿಟ್ಟೊಡನೆ ಅದರ ತಲೆ ನೆಲದ ಕಡೆಗೆ ಬಾಗಿತು. ಅಂಥ ವಾದ್ಯವನ್ನು ಎಡಗೈ ನುಡಿಸುವುದರ ಜೊತೆಗೆ ಹೊರಬೇಕಾಗುತ್ತದೆ. ಎರಡನೆಯದರ ಕತ್ತು ಅಗಲವಾಗಿತ್ತು. ದಪ್ಪ ತಂತಿಯನ್ನು ಮುಟ್ಟಲು ಅವಳ ಮಣಿಕಟ್ಟು ತಿರುಚಿಕೊಳ್ಳುತ್ತಿತ್ತು. ಮೂರನೆಯದು ಕಂದುಬಣ್ಣದ, ಕಿರಿಕತ್ತಿನ, ಕಣ್ಣಿಗೆ ಸಾಧಾರಣವಾದ ವಾದ್ಯ. ನಾಲ್ಕನೆಯದು ಗಿಡ್ಡ ಬೇಸ್. ಸಾಮಾನ್ಯ ಬೇಸಿನಲ್ಲಿ ತಂತಿಯ ಕಂಪಿಸುವ ಉದ್ದ 34 ಅಂಗುಲವಿದ್ದರೆ ಇದರಲ್ಲಿ 30 ಅಂಗುಲ. ಸಣ್ಣ ಕೈಗಳಿಗೆ ಅದು ಬಹಳ ಹಿತ. ಉದ್ದ ಕಡಿಮೆಯಾದುದರಿಂದ ತಂತಿಯ ಬಿಗಿಯೂ ಕಡಿಮೆ. ಕೆಳಗಿನ ಸ್ವರ ತುಸು ಮೆತ್ತಗೆ ಕೇಳುತ್ತದೆ. ಅದನ್ನು ಬಯಸುವವರೂ ಇದ್ದಾರೆ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗಾದರೆ ನಾನು ಅದನ್ನೇ ಹೇಳಿಯೇನು.

ಆ ಸಹಾಯಕರು ಪರೀಕ್ಷೆಯ ಕ್ರಮವನ್ನೂ ತೋರಿಸಿದರು. ಓದುಗರ ಉಪಯೋಗಕ್ಕಾಗಿ ಅದನ್ನು ಇಲ್ಲಿ ಬರೆಯುತ್ತೇನೆ. ಮೊದಲು ವಿದ್ಯುತ್ತಿಗೆ ಜೋಡಿಸದೆಯೇ ನುಡಿಸಬೇಕು. ಮರ ಸ್ಪಂದಿಸುವುದು ಹೊಟ್ಟೆಗೆ ತಾಗಿ ತಿಳಿಯುತ್ತದೆ. ಪ್ರತಿಯೊಂದು ಫ್ರೆಟ್ಟಿನಲ್ಲಿ ಪ್ರತಿಯೊಂದು ತಂತಿಯನ್ನು ಒತ್ತಿ ನೋಡಬೇಕು. ಎಲ್ಲಿಯಾದರೂ ಜುಂಯ್ ಎಂಬ ಸದ್ದು ಬರುತ್ತಿದೆಯೇ, ಎಲ್ಲಿಯಾದರೂ ಸ್ವರ ಬೇಗನೆ ಸತ್ತುಹೋಗುತ್ತಿದೆಯೇ ಎಂದು ಕೇಳಬೇಕು. ತೆಳು ತಂತಿಯ 5ರಿಂದ 7ನೆಯ ಫ್ರೆಟ್ಟಿನ ಆಸುಪಾಸಿನಲ್ಲಿ ಇಂಥ ಸತ್ತ ತಾಣ ಅನೇಕ ಬೇಸ್‌ಗಳಲ್ಲಿ ಕಂಡುಬರುತ್ತದೆ. 12ನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿದಾಗ ಬರುವ ಸ್ವರವೂ ಅಲ್ಲಿಯೇ ಒತ್ತಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಕತ್ತಿನ ಅಂಚಿನ ಮೇಲೆ ಕೈ ಜಾರಿಸಿದಾಗ ಫ್ರೆಟ್ಟಿನ ತುದಿಗಳು ಚುಚ್ಚಬಾರದು. ಮೊದಲನೆಯ ಮತ್ತು ಕೊನೆಯ ಫ್ರೆಟ್ಟುಗಳಲ್ಲಿ ತಂತಿಯನ್ನು ಏಕಕಾಲಕ್ಕೆ ಒತ್ತಿ ಹಿಡಿದರೆ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಹೆಚ್ಚಿದ್ದರೆ ಕತ್ತು ಬಾಗಿದೆ ಎಂದರ್ಥ. ಇದನ್ನು ಕತ್ತಿನೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು, ಆದರೆ ಬಲ್ಲವರ ಕೈಯಿಂದ. ಕೊನೆಗೆ ದನಿಯನ್ನು ಪೂರ್ತಿ ತಗ್ಗಿಸಿ ಆಂಪ್ಲಿಫೈಯರಿಗೆ ಜೋಡಿಸಿ, ಗುಂಡಿಗಳನ್ನು ತಿರುಗಿಸಿ ನೋಡಬೇಕು. ಕರಕರ ಸದ್ದು ಬರಬಾರದು. ಎಲ್ಲ ವಾದ್ಯಗಳ ಮೇಲೂ ಒಂದೇ ಹಾಡಿನ ಒಂದೇ ತುಣುಕನ್ನು ನುಡಿಸಿದರೆ ಮಾತ್ರ ಹೋಲಿಕೆ ಸಾಧ್ಯ.

ಹುಡುಗಿ ಮೂರನೆಯದಕ್ಕೆ ಎರಡು ಸಲ ಹಿಂತಿರುಗಿದಳು. ಆಗ ಆ ಹಿರಿಯರು ತಾವೇ ಒಂದು ಗಿಟಾರ್ ತೆಗೆದುಕೊಂಡು ಹಳೆಯ ಹಿಂದಿ ಹಾಡೊಂದನ್ನು ಮೆಲ್ಲಗೆ ನುಡಿಸತೊಡಗಿದರು. ಈಕೆ ಕೆಳಗಿನಿಂದ ಕೂಡಿಕೊಂಡಳು. ತಂದೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ಚರಣದ ನಡುವೆ ಆಕೆ, ಹಾದಿ ತಪ್ಪಿತೋ ಏನೋ, ಕೈ ನಿಲ್ಲಿಸಿದಳು. ಗಿಟಾರ್ ಮುಂದುವರಿಯಿತು, ಹಾಡು ಇದ್ದಕ್ಕಿದ್ದಂತೆ ತೆಳ್ಳಗಾಯಿತು. ತಂದೆ ಥಟ್ಟನೆ ತಿರುಗಿ, "ಯಾಕೆ ನಿಲ್ಲಿಸಿದೆ?" ಎಂದರು. ಯಾರೂ ಉತ್ತರಿಸಲಿಲ್ಲ. ಅವರು ಕೂಡ ಮತ್ತೆ ಕೇಳಲಿಲ್ಲ. ಆಕೆ ಎರಡು ಸ್ವರಗಳಲ್ಲಿ ದಾರಿ ಹಿಡಿದು ಮತ್ತೆ ಕೂಡಿಕೊಂಡಳು.

ಆ ದಿನ ನಾವು ಕೊಳ್ಳಲಿಲ್ಲ. ಮೆಚ್ಚಿದ ವಸ್ತುವನ್ನು ಒಂದು ವಾರ ಬಿಟ್ಟು ಮತ್ತೆ ನೋಡುವುದು ಒಳ್ಳೆಯ ಪದ್ಧತಿ. 1904ರಲ್ಲಿ ಸ್ಥಾಪಿತವಾದ ಕಯಾನಿಯ ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ, ಚಹ ಮುಗಿಸಿ ಕಾಗದದ ಮೇಲೆ ಲೆಕ್ಕ ಹಾಕಿದೆವು. ವಾದ್ಯವೊಂದೇ ಸಾಲದು, ಸಣ್ಣದೊಂದು ಬೇಸ್ ಆಂಪ್ಲಿಫೈಯರ್, ಅಗಲವಾದ ಹೆಗಲಪಟ್ಟಿ, ಮಳೆಗಾಲದ ತೇವದಿಂದ ಕಾಪಾಡುವ ದಪ್ಪ ಚೀಲ, ಶ್ರುತಿಯಂತ್ರ ಇವೂ ಬೇಕು. ಗಿಟಾರಿನ ಆಂಪ್ಲಿಫೈಯರಿಗೆ ಬೇಸನ್ನು ಜೋಡಿಸಿ ಜೋರಾಗಿ ನುಡಿಸಿದರೆ ಅದರ ಧ್ವನಿವರ್ಧಕ ಹಾಳಾಗುವ ಭಯವುಂಟು. ಕೆಂಪು ವಾದ್ಯಕ್ಕೆ ಕೊಡಬೇಕಾಗಿದ್ದ ಹಣದಲ್ಲಿ ಕಂದು ವಾದ್ಯವೂ ಈ ಸಾಮಗ್ರಿಗಳಲ್ಲಿ ಬಹುಪಾಲೂ ಬರುತ್ತಿದ್ದವು. ಮರುವಾರ ತಂದೆ ಮಗಳು ಇಬ್ಬರೇ ಹೋಗಿ ಕಂದು ಬಣ್ಣದ್ದನ್ನು ತಂದರು. ನೆರೆಯವರಿಗೆ ತೊಂದರೆಯಾಗದಂತೆ ರಾತ್ರಿ ಎಂಟರ ನಂತರ ಹೆಡ್‌ಫೋನ್ ಹಾಕಿಕೊಂಡೇ ಅಭ್ಯಾಸ ಮಾಡಬೇಕೆಂಬ ಕರಾರಾಗಿದೆ. ಒಂದು ಜೊತೆ ಹೆಡ್‌ಫೋನು ತಂದೆಯೂ ಕೊಂಡಿದ್ದಾರೆಂದು ಕೇಳಿದ್ದೇನೆ.

ಮಕ್ಕಳನ್ನು ಸಿನಿಮಾಕ್ಕೆ, ತೋಟಕ್ಕೆ ಕರೆದೊಯ್ಯುವಂತೆ ವರ್ಷಕ್ಕೊಮ್ಮೆಯಾದರೂ ವಾದ್ಯದ ಅಂಗಡಿಗೆ ಕರೆದೊಯ್ಯಿರಿ. ಕೊಳ್ಳಲೇಬೇಕೆಂದಿಲ್ಲ. ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ, ಕೇಳಿ ಮುಟ್ಟಿ, ಮೆಲ್ಲಗೆ ನುಡಿಸಿ, ಇದ್ದ ಜಾಗದಲ್ಲಿಯೇ ಇಟ್ಟು, ವಂದಿಸಿ ಬರುವ ಮಗುವನ್ನು ಒಳ್ಳೆಯ ಅಂಗಡಿಯವನು ಎಂದೂ ಗದರಿಸುವುದಿಲ್ಲ. ಅಲ್ಲಿ ಮಗುವಿನ ಕೈ ಯಾವ ವಾದ್ಯದ ಕಡೆಗೆ ಎರಡನೆಯ ಸಲ ಚಾಚುತ್ತದೆ ಎಂಬುದನ್ನು ಸುಮ್ಮನೆ ಗಮನಿಸಿರಿ. ಅದು ವೇದಿಕೆಯ ಮುಂಭಾಗದ ವಾದ್ಯವಾಗಿರದಿದ್ದರೆ ಚಿಂತಿಸಬೇಡಿ. ಹಿಂದೆ ನಿಂತು ಹಾಡನ್ನು ಹೊರುವವರೂ ಒಬ್ಬರು ಬೇಕು.