ಕೊನೆಯ ಪಂಕ್ತಿಯ ಮಕ್ಕಳು

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಾನು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿದ್ದೆ. 'ವಿದ್ಯಾಗಮ'ದ ಹೆಸರಿನಲ್ಲಿ ದೇವಸ್ಥಾನದ ಜಗಲಿಯ ಮೇಲೆ ಪಾಠ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆಯದ ನೋಟ್‌ಬುಕ್ ಹಿಡಿದು ನಿಂತಳು. "ಮಿಸ್, ಮೊಬೈಲು ಅಪ್ಪನ ಹತ್ರ ಇರುತ್ತೆ. ರಾತ್ರಿ ಬರೋ ಹೊತ್ತಿಗೆ ನೆಟ್ ಖಾಲಿ." ಬೈಯಲು ಬಾಯಿ ಬರಲಿಲ್ಲ.

ಶಾಲೆ ತೆರೆದ ಮೇಲಾದರೂ ಏನಾಯಿತು? ಕಂಪ್ಯೂಟರ್ ಇತ್ತು, ಅದಕ್ಕೆ ಹೊದಿಸಿದ ಬಟ್ಟೆ ನಾನೇ ಹೊಲಿದದ್ದು. ನೆಟ್ ಮಾತ್ರ ಇರಲಿಲ್ಲ. ಮಕ್ಕಳ ಹಾಜರಿ, ಅಂಕ ಎಲ್ಲ ಆನ್‌ಲೈನ್‌ನಲ್ಲಿ ತುಂಬಬೇಕು. ತುಂಬಿದ್ದು ನನ್ನ ಮೊಬೈಲಿನಿಂದ, ನನ್ನ ರೀಚಾರ್ಜಿನಿಂದ.

ದುಡ್ಡಿಲ್ಲವೆಂದರೆ ಸುಮ್ಮನಿರುತ್ತಿದ್ದೆ. ಆದರೆ ಮೊಬೈಲ್ ಕಂಪನಿಗಳ ಆದಾಯದ ಶೇಕಡ 5ರಷ್ಟನ್ನು ಹಳ್ಳಿಗಾಡಿನ ಸಂಪರ್ಕಕ್ಕೆಂದೇ ತೆಗೆದಿಡುವ ನಿಧಿಯೊಂದಿದೆ. 2003ರ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. 2023ರ ಕಾಯ್ದೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರಿಟ್ಟಿತು. ಕಂಪನಿಗಳ ಆದಾಯ ಎಲ್ಲಿಂದ ಬರುತ್ತದೆ? ನಮ್ಮ ರೀಚಾರ್ಜಿನಿಂದ, ಆ ಹುಡುಗಿಯ ಅಪ್ಪನ ರೀಚಾರ್ಜಿನಿಂದಲೂ. ಕೊಡುವಾಗ ಎಲ್ಲರೂ ಸಮ. ಪಡೆಯುವಾಗ ಮಾತ್ರ ಯಾಕೆ ಹಿಂದು ಮುಂದು?

2025ರ ಕೇಂದ್ರ ಬಜೆಟ್ಟಿನಲ್ಲಿ ಗ್ರಾಮೀಣ ಸರಕಾರಿ ಪ್ರೌಢಶಾಲೆಗಳಿಗೆಲ್ಲ ಬ್ರಾಡ್‌ಬ್ಯಾಂಡ್ ಕೊಡುವ ಮಾತು ಬಂತು. ಸಂತೋಷ. ಆದರೆ ಆ ಮಾತಿನಲ್ಲಿ ಪ್ರಾಥಮಿಕ ಶಾಲೆಯ ಹೆಸರಿಲ್ಲ. ಏಳನೆಯ ತರಗತಿಯವರೆಗೆ ಕೀಲಿಮಣೆ ಮುಟ್ಟದ ಮಗು ಎಂಟಕ್ಕೆ ಬಂದು ಪಟ್ಟಣದ ಮಗುವಿನ ಜೊತೆ ಓಡಬೇಕೇ?

"ನೆಟ್ ಕೊಟ್ಟರೆ ಹಳ್ಳಿ ಮಕ್ಕಳು ಕೆಡುತ್ತವೆ" ಎನ್ನುವ ಗೆಳತಿಯರಿದ್ದಾರೆ. ಅವರ ಮಕ್ಕಳ ಟ್ಯೂಷನ್ನೇ ನೆಟ್‌ನಲ್ಲಿ! ನಮ್ಮ ಮಕ್ಕಳು ಕೆಡದೆ ಅವರ ಮಕ್ಕಳು ಮಾತ್ರ ಕೆಡುತ್ತಾರೆಯೇ?

ಅಮೆರಿಕದಲ್ಲಿ 1996ರ ಕಾಯ್ದೆಯ ಮೇಲೆ ನಿಂತ ಏರ್ಪಾಡೊಂದಿದೆ. ಅಲ್ಲಿಯೂ ಹಣ ಬರುವುದು ಟೆಲಿಫೋನ್ ಕಂಪನಿಗಳಿಂದಲೇ. ಆದರೆ ಶಾಲೆಯ ನೆಟ್ ಬಿಲ್ಲಿನಲ್ಲಿ ಶೇಕಡ 20ರಿಂದ 90ರವರೆಗೆ ರಿಯಾಯಿತಿ. ಮಕ್ಕಳು ಬಡವರಾದಷ್ಟೂ ರಿಯಾಯಿತಿ ಹೆಚ್ಚು. ನ್ಯಾಯವೆಂದರೆ ಇದು. ತಂತಿ ಎಳೆದು ಫೋಟೋ ತೆಗೆಸಿಕೊಂಡರೆ ಸಾಲದು. ತಿಂಗಳ ಬಿಲ್ಲನ್ನೂ ನಿಧಿಯೇ ಕಟ್ಟಲಿ, ಏನೂ ಇಲ್ಲದ ಶಾಲೆಯಿಂದಲೇ ಶುರುವಾಗಲಿ.

ಬಡಿಸುವ ಕೈ ನಮ್ಮದು. ಪಾತ್ರೆ ಬರಿದಾಗುವುದು ಯಾವಾಗಲೂ ಕೊನೆಯ ಪಂಕ್ತಿಗೇ ಎಂದು ನಮಗೆ ಗೊತ್ತು. ನಿಮ್ಮೂರಿನ ಸರಕಾರಿ ಶಾಲೆಗೆ ಒಮ್ಮೆ ಹೋಗಿ, ನೆಟ್ ಇದೆಯೇ, ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳಿ. ಸಂಕೋಚ ಬೇಡ. ಅದು ನಮ್ಮ ದುಡ್ಡಿನ ಲೆಕ್ಕ.